‘ಹೆವಿ’ಗೆ ಸಲ್ಲುವ ನಾಮಪದಗಳು

ಶಿಡ್ಲಘಟ್ಟ
೯ ಜೂನ್ ೨೦೨೫

ಚಿರಂಜೀವಿ ಹರಿಣಿಗೆ ತಾಯಿಯ ಆಶೀರ್ವಾದಗಳು.

ನೀನು ಹೋಗುವಾಗ ಮೇಜಿನ ಮೇಲೆ ಇಟ್ಟ ಚೀಟಿಯನ್ನು ನಾನು ಇನ್ನೂ ಎತ್ತಿಲ್ಲ. ಹಾರಿಹೋಗಬಾರದೆಂದು ಅದರ ಮೇಲೆ ಉಪ್ಪಿನಕಾಯಿಯ ಭರಣಿಯನ್ನು ಇಟ್ಟಿದ್ದೇನೆ. ಊಟಕ್ಕೆ ಕುಳಿತಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ: “ಅಮ್ಮ, ಹೆವಿ ಲೈಸೆನ್ಸ್ ಮಾಡಿಸೋಕೆ ಗೌರಿಬಿದನೂರಿಗೆ ಹೋಗ್ತಿದೀನಿ. ಗಾರ್ಮೆಂಟ್ಸ್ ಬಸ್ ಓಡಿಸೋ ಕೆಲ್ಸ ಸಿಗುತ್ತೆ. ಬೈಬೇಡ.”

ಇಂಗ್ಲಿಷ್ ಎಂ.ಎ., ಬಿ.ಇಡಿ. ಮುಗಿಸಿದವಳು, ಈ ತಾಲ್ಲೂಕಿನ ಅರ್ಧದಷ್ಟು ಗುಮಾಸ್ತರಿಗೂ ನರ್ಸುಗಳಿಗೂ ಇಂಗ್ಲಿಷ್ ಕಲಿಸಿದ ಅಶ್ವತ್ಥಮ್ಮನ ಮಗಳು, ತಾಯಿಗೆ ಬರೆದ ಮೊದಲ ವಾಕ್ಯದಲ್ಲೇ ತಪ್ಪಿದ್ದಾಳೆ. ಲೈಸೆನ್ಸ್ ಎಂಬುದು ಒಂದು ಕಾರ್ಡು. ಅದಕ್ಕೆ ಭಾರವಿಲ್ಲ. ಭಾರವಿರುವುದು ವಾಹನಕ್ಕೆ. ‘ಹೆವಿ ವೆಹಿಕಲ್ ಲೈಸೆನ್ಸ್’ ಎಂದು ಬರೆಯಬೇಕಿತ್ತು.

ನಾನು ಬೈಯುತ್ತಿಲ್ಲ. ತಿದ್ದುತ್ತಿದ್ದೇನೆ.

ಫೋನ್ ಮಾಡಬೇಡ. ಫೋನಿನಲ್ಲಿ ನಿನ್ನ ಪೀಳಿಗೆಯವರ ವಾಕ್ಯಗಳು ಅರ್ಧಕ್ಕೇ ತುಂಡಾಗುತ್ತವೆ. ಪತ್ರ ಬರೆ, ಪತ್ರದಲ್ಲಿ ಪೂರ್ಣವಿರಾಮವಾದರೂ ಇರುತ್ತದೆ. ಕೆಳಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಮುನಿಶಾಮಮ್ಮ ಇದನ್ನು ಕೇಳಿ ನಗುತ್ತಾಳೆ. “ಅದೇನ್ ಮೇಡಂ, ಇರೋಳು ಒಬ್ಳೇ ಮಗಳು, ಅವಳ್ ದನಿ ಕೇಳೋದು ಬೇಡ್ವ ನಿಮ್ಗೆ?” ಎಂದಳು. ಬರಹವೂ ದನಿಯೇ ಎಂದು ಹೇಳಿ ಅವಳನ್ನು ಕಳುಹಿಸಿದೆ.

ಈಗ ಮುಖ್ಯ ವಿಷಯ. ನಮ್ಮ ಊರಿನ ಬಾಲಿಕಾ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ ಅಕ್ಟೋಬರ್ ಕೊನೆಗೆ ನಿವೃತ್ತರಾಗುತ್ತಾರೆ. ಆಡಳಿತ ಮಂಡಳಿಯ ಕಾರ್ಯದರ್ಶಿ ರಾಮಾಂಜಿನಪ್ಪನವರು ನನ್ನ ಹಳೆಯ ಶಿಷ್ಯ. ನವೆಂಬರ್ ಹತ್ತರಂದು ಸಂದರ್ಶನ, ಜೊತೆಗೆ ಒಂದು ಮಾದರಿ ಪಾಠ. ನಿನ್ನ ಹೆಸರಿನಲ್ಲಿ ಅರ್ಜಿಯನ್ನು ನಾನೇ ಕೊಟ್ಟಿದ್ದೇನೆ. ಪಾಠವನ್ನೂ ನಾನೇ ಗೊತ್ತು ಮಾಡಿದ್ದೇನೆ: ಒಂದು ವಿಶೇಷಣ, ಅದಕ್ಕೆ ಸಲ್ಲುವ ನಾಮಪದಗಳು. ವಿಶೇಷಣವನ್ನು ನೀನೇ ಚೀಟಿಯಲ್ಲಿ ಆರಿಸಿಕೊಟ್ಟಿದ್ದೀಯೆ.

‘ಹೆವಿ’ ಎಂಬುದನ್ನು ಎಲ್ಲರೂ ಬಳಸುತ್ತಾರೆ, ಕೆಲವರಿಗಷ್ಟೇ ಅದು ಒಲಿದಿದೆ. ಮಳೆಗೆ ಹೆವಿ ಸಲ್ಲುತ್ತದೆ. ಗಾಳಿಗೆ ಸಲ್ಲದು, ಗಾಳಿಗೆ ಸ್ಟ್ರಾಂಗ್. ಟ್ರಾಫಿಕ್ಕಿಗೆ ಸಲ್ಲುತ್ತದೆ, ಜ್ವರಕ್ಕೆ ಸಲ್ಲದು, ಜ್ವರಕ್ಕೆ ಹೈ. ಹೆವಿ ಸ್ಮೋಕರ್ ಎಂದರೆ ದಪ್ಪಗಿರುವವನಲ್ಲ, ಬೀಡಿ ಬಿಡಲಾರದವನು. ಏಕೆ ಹೀಗೆ ಎಂದು ಮಕ್ಕಳು ಕೇಳುತ್ತಾರೆ. ಕಾರಣವಿಲ್ಲ. ಪದ ತನ್ನ ಜೊತೆಯನ್ನು ತಾನೇ ಆರಿಸಿಕೊಂಡಿರುತ್ತದೆ, ನಾವು ಒಪ್ಪಿಕೊಳ್ಳಬೇಕು ಎಂದು ಹೇಳು.

ಇದರೊಡನೆ ನನ್ನ ಜೋಡಿ ಚೀಟಿಗಳ ಒಂದು ಕಟ್ಟನ್ನು ಕಳುಹಿಸುತ್ತಿದ್ದೇನೆ. ಕೆಂಪು ಚೀಟಿಯಲ್ಲಿ ವಿಶೇಷಣ, ಬಿಳಿ ಚೀಟಿಗಳಲ್ಲಿ ನಾಮಪದ. ಬಿಳಿಯವುಗಳಲ್ಲಿ ಕೆಲವು ಬೇಕೆಂದೇ ಸೇರಿಸಿದ ಮೋಸದ ಚೀಟಿಗಳು. ಆಟ ನಿನಗೆ ಗೊತ್ತು. ನಾಲ್ಕು ವರ್ಷದವಳಿದ್ದಾಗಲೇ ನನ್ನನ್ನು ಸೋಲಿಸಿದ್ದೆ.

ಗೌರಿಬಿದನೂರಿನ ರಸ್ತೆಯಲ್ಲಿ ಕಲ್ಲು ಸಾಗಿಸುವ ಟಿಪ್ಪರುಗಳು ಓಡಾಡುತ್ತವೆ ಎಂದು ಕೇಳಿದ್ದೇನೆ. ಎಷ್ಟು ಓಡಾಡುತ್ತವೆ ಎಂದು ಬರೆ. ಇಲ್ಲ, ಬರೆಯಬೇಡ.

ಇಂತು ನಿನ್ನ ಹಿತವನ್ನು ಬಯಸುವ,
ಅಶ್ವತ್ಥಮ್ಮ


ಗೌರಿಬಿದನೂರು
೨೮ ಜೂನ್

ಅಮ್ಮನಿಗೆ ಹರಿಣಿಯ ನಮಸ್ಕಾರ.

ನಿನ್ನ ಪತ್ರ ಬಂದಾಗ ಬಸ್ಸಿನ ಕೆಳಗಿದ್ದೆ. ಗಾಬರಿಯಾಗಬೇಡ, ಮಲಗಿ ನೋಡುತ್ತಿದ್ದೆ ಅಷ್ಟೆ. ನಮಗೆ ಕಲಿಸುವ ವೆಂಕಟರವಣಪ್ಪನವರು ಎಲ್ಲರನ್ನೂ ಮೊದಲು ಬಸ್ಸಿನ ಅಡಿಗೆ ಕಳುಹಿಸುತ್ತಾರೆ. “ಮ್ಯಾಲೆ ಕೂತ್ಕಂಡು ರಾಜನಂಗೆ ತಿರುಗ್ಸೋದಲ್ಲಮ್ಮ, ಕೆಳ್ಗಡೆ ಏನೇನೈತೆ ಅಂತ ನೋಡು” ಎನ್ನುತ್ತಾರೆ.

ಊರ ಹೊರಗಿನ ಬಯಲಿನಲ್ಲಿ ಹಳೆಯ ಶಾಲಾ ಬಸ್ಸೊಂದರಲ್ಲಿ ನಮ್ಮ ಪಾಠ. ಸ್ಟೇರಿಂಗ್ ಚಕ್ರ ಎಷ್ಟು ದೊಡ್ಡದೆಂದರೆ ತಿರುಗಿಸುವಾಗ ಸೀಟಿನಿಂದ ಅರ್ಧ ಎದ್ದಿರುತ್ತೇನೆ. ಮೊದಲ ದಿನ ಕ್ಲಚ್ ತುಳಿಯಲು ಹೋಗಿ ಚಪ್ಪಲಿ ಜಾರಿತು. “ಏನಮ್ಮ ಟೀಚರಮ್ಮ, ಇದು ಸ್ಕೂಟಿ ಅಲ್ಲ ಕಣಮ್ಮ! ಕಾಲ್ ಪೂರ್ತಿ ಇಡು, ಹೆಬ್ಬೆಟ್ಟಲ್ಲಿ ತಟ್ಬೇಡ!” ಎಂದು ಕೂಗಿದರು. ನನ್ನ ಜೊತೆ ಕಲಿಯುವವರೆಲ್ಲ ಗಂಡಸರು. ಜಗನ್ ಎಂಬ ಹುಡುಗ, “ಅಕ್ಕ, ಬಸ್ಸಲ್ಲಿ ಕನ್ನಡಿ ಇರೋದು ಮುಖ ನೋಡ್ಕೊಳಕ್ಕಲ್ಲ” ಎಂದ. “ಗೊತ್ತು ಕಣಪ್ಪ, ಹಿಂದೆ ಬಿದ್ದಿರೋರ ಮುಖ ನೋಡಕ್ಕೆ. ನೀನ್ ಕಾಣಿಸ್ತಾ ಇದೀಯ” ಎಂದೆ. ಆಮೇಲೆ ಅವನೇ ನನಗೆ ಟೀ ತಂದುಕೊಟ್ಟ.

ಇಲ್ಲಿ ನಿನ್ನ ‘ಹೆವಿ’ಯ ಗತಿ ನೋಡಿದರೆ ನೀನು ಅಳುತ್ತೀಯೆ. ಹೆವಿ ಬಿಸಿಲು. ಹೆವಿ ಟೀ. ಅವನು ಹೆವಿ ಪಾರ್ಟಿ. ಆ ಹುಡುಗಿ ಹೆವಿ ಚೆನ್ನಾಗಿದ್ದಾಳೆ. ವೆಂಕಟರವಣಪ್ಪನವರು ನನಗೆ ಹೇಳುವ ದೊಡ್ಡ ಹೊಗಳಿಕೆ, “ಹೆವಿ ಕಂಟ್ರೋಲ್ ಐತಮ್ಮ ನಿಂಗೆ.” ನಾನು ತಿದ್ದಲಿಲ್ಲ. ಚೆನ್ನಾಗಿತ್ತು ಕೇಳಲು.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೇಲೂರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಪಾಠ ಮಾಡಿದ ಎರಡು ವರ್ಷವೂ ನಾನು ಗಡಿಯಾರ ನೋಡುತ್ತಿದ್ದೆ. ಮಕ್ಕಳು ಒಳ್ಳೆಯವರೇ. ಸ್ಟಾಫ್ ರೂಮಿನಲ್ಲಿ ಮಾತ್ರ ನನಗೆ ಹೆಸರಿರಲಿಲ್ಲ. ‘ಅಶ್ವತ್ಥಮ್ಮ ಮೇಡಂ ಮಗಳು’ ಎಂಬುದೇ ಹೆಸರು. ಈ ಬಯಲಿನಲ್ಲಿ ಗಡಿಯಾರ ನೋಡಿದ ನೆನಪಿಲ್ಲ. ಇಲ್ಲಿಯ ಕಾರ್ಖಾನೆಯಲ್ಲಿ ಸಂಜೆ ಪಾಳಿಯ ಹೆಂಗಸರು ತಮ್ಮ ಬಸ್ಸಿಗೆ ಹೆಂಗಸೇ ಡ್ರೈವರ್ ಬೇಕೆಂದು ಕೇಳಿದ್ದಾರೆ. ಯಾರೂ ಸಿಕ್ಕಿಲ್ಲ. ನಾನು ಸಿಗುತ್ತೇನೆ.

ಟಿಪ್ಪರುಗಳು ಓಡಾಡುತ್ತವೆ. ನೀನು ಬರೆಯಬೇಡ ಎಂದೆ, ಆದರೆ ಉತ್ತರ ಬರದಿದ್ದರೆ ನೀನು ಇನ್ನೂ ಹೆಚ್ಚು ಯೋಚಿಸುತ್ತೀಯೆ. ವೆಂಕಟರವಣಪ್ಪನವರು ದಿನವೂ ಹೇಳುವ ಮಾತು: “ಹಾರನ್ ನಂಬ್ಬೇಡಮ್ಮ. ಎದುರ್ಗಿರೋನಿಗೆ ಕೇಳುಸ್ತು ಅಂತ ನಿಂಗೆ ಯಾರ್ ಹೇಳಿದ್ರು? ಬ್ರೇಕ್ ಮ್ಯಾಲೆ ಕಾಲಿರ್ಲಿ.” ಇಟ್ಟಿರುತ್ತೇನೆ.

ನಿನ್ನ ಮಗಳು,
ಹರಿಣಿ


ಶಿಡ್ಲಘಟ್ಟ
೧೪ ಜುಲೈ

ಚಿರಂಜೀವಿ ಹರಿಣಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರೊಡನೆ ಹಿಂದಿರುಗಿಸಿದ್ದೇನೆ. ‘ನಿನ್ನ ಹೆವಿಯ ಗತಿ’ ಎಂದಿದ್ದೀಯೆ. ಆ ಪದ ನನ್ನದಲ್ಲ, ಎಲ್ಲರದು, ಆದ್ದರಿಂದಲೇ ಜೋಪಾನವಾಗಿ ಬಳಸಬೇಕು. ‘ಹೆವಿ ಟೀ’ ತಪ್ಪು, ಸ್ಟ್ರಾಂಗ್ ಟೀ. ‘ಹೆವಿ ಕಂಟ್ರೋಲ್’ ಎಂಬುದು ಯಾವ ಭಾಷೆಯಲ್ಲಿಯೂ ಇಲ್ಲ. ಹೊಗಳಿಕೆ ಕೇಳಲು ಚೆನ್ನಾಗಿತ್ತೆಂಬ ಕಾರಣಕ್ಕೆ ತಪ್ಪನ್ನು ಬಿಟ್ಟುಬಿಡುವ ಶಿಕ್ಷಕಿಯನ್ನು ನಾನು ಶಿಕ್ಷಕಿ ಎನ್ನುವುದಿಲ್ಲ.

ನಾನೇಕೆ ಇಷ್ಟು ಬಿಗಿ ಎಂದು ನೀನು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. ಪದಗಳೆಂದರೆ ಹಾಗೆಯೇ ಎಂದು ಉತ್ತರಿಸುತ್ತಿದ್ದೆ. ಅದು ಪೂರ್ಣ ಉತ್ತರವಲ್ಲ.

ನಿನ್ನ ತಾತ ಕೋನಪ್ಪನವರನ್ನು ನೀನು ನೋಡಿಲ್ಲ. ಚಿಂತಾಮಣಿಯ ಮಂಡಿಯಲ್ಲಿ ಹಮಾಲಿ. ಲಾರಿಯಿಂದ ಕಡಲೆಕಾಯಿ ಮೂಟೆ ಇಳಿಸುವ ಕೆಲಸ. ಮಧ್ಯಾಹ್ನ ಮುದ್ದೆ ಕಟ್ಟಿಕೊಂಡು ನಾನು ಹೋಗುತ್ತಿದ್ದೆ. ಅವರು ಮೂಟೆಗೆ ಬೆನ್ನು ಕೊಡುವ ಮುನ್ನ ಎರಡು ಅಂಗೈಗಳನ್ನೂ ಹೆಗಲಿನ ಟವೆಲ್ಲಿಗೆ ಒರೆಸಿ, ಬಲ ಭುಜವನ್ನು ಒಮ್ಮೆ ಹಿಂದಕ್ಕೆ ಕೊಡವುತ್ತಿದ್ದರು. ಯಾರೋ ಕರೆದರೆ ತಿರುಗಿ ನೋಡುವಂತೆ. ನಂತರ ಬಾಗುತ್ತಿದ್ದರು. “ಬರುವು ಜಾಸ್ತಿ ಐತೇನಪ್ಪ?” ಎಂದು ಭಾರಕ್ಕೆ ಮನೆಯ ತೆಲುಗು ಪದ ಬೆರೆಸಿ ನಾನು ಕೇಳಿದರೆ, “ನಿಂಗಿಂತ ಕಮ್ಮೀನೇ ಕಣಮ್ಮ, ಮೂಟೆ ಪ್ರಶ್ನೆ ಕೇಳಲ್ಲ” ಎನ್ನುತ್ತಿದ್ದರು.

ಶಿಕ್ಷಕರ ತರಬೇತಿಯ ಮೊದಲ ವಾರ, ‘ಹೆವಿ’ ಬಳಸಿ ವಾಕ್ಯ ರಚಿಸಿರಿ ಎಂದರು. ಎಲ್ಲರೂ ಪೆಟ್ಟಿಗೆ ಹೆವಿ, ಕಲ್ಲು ಹೆವಿ ಎಂದು ಬರೆದರು. ನಾನು ‘ಮೈ ಫಾದರ್ ಈಸ್ ಹೆವಿ’ ಎಂದು ಬರೆದೆ. ತರಗತಿಯೆಲ್ಲ ನಕ್ಕಿತು. ದಪ್ಪನೆಯ ತಂದೆಯನ್ನು ಅವರೆಲ್ಲ ಕಂಡಂತಾಯಿತು. ನಮ್ಮಪ್ಪ ಕಡ್ಡಿಯಂತಿದ್ದರು, ಹರಿಣಿ. ಅವರು ಭಾರ ಹೊರುತ್ತಾರೆಂದು ಹೇಳಲು ನನ್ನ ಬಳಿ ಇದ್ದದ್ದು ಆ ಒಂದೇ ಪದ. ಅಂದಿನಿಂದ ನನ್ನ ವಾಕ್ಯವನ್ನು ಕೇಳಿ ಯಾರೂ ನಗದಂತೆ ನೋಡಿಕೊಂಡಿದ್ದೇನೆ.

ಬಾವಿಯ ಹಗ್ಗ ಮುಟ್ಟಗೊಡದೆ ದೂರ ನಿಲ್ಲಿಸಿ ನೀರು ಹೊಯ್ಯುತ್ತಿದ್ದ ಮನೆಯವರೇ ಮುಂದೆ ತಮ್ಮ ಮಕ್ಕಳ ಇಂಗ್ಲಿಷಿಗಾಗಿ ನನಗೆ ಕುರ್ಚಿ ಎಳೆದು ಹಾಕಿದರು. ಆ ಕುರ್ಚಿಯನ್ನು ನಿನಗೆ ಒಪ್ಪಿಸಬೇಕೆಂದು ಕಾದಿದ್ದೆ. ಅದನ್ನು ಬಿಟ್ಟು, ಮೈಬಗ್ಗಿಸಿ ದುಡಿಯುವ ಸೀಟೊಂದನ್ನು ನೀನು ಆರಿಸಿಕೊಂಡೆ. ಅದೇ ಮಂಡಿಗೆ ನೀನು ಹಿಂದಿರುಗಿ ಹೋದಂತೆ ನನಗೆ ಭಯವಾಗುತ್ತದೆ. ಇದನ್ನು ಅವಮಾನವೆಂದು ಓದಬೇಡ. ಭಯವೆಂದು ಓದು.

ನವೆಂಬರ್ ಹತ್ತಕ್ಕೆ ಬರುತ್ತೇನೆಂದು ಮಾತು ಕೊಡು. ಅಲ್ಲಿಯವರೆಗೆ ನಿನ್ನಿಷ್ಟ.

ಇಂತು,
ಅಶ್ವತ್ಥಮ್ಮ


ಗೌರಿಬಿದನೂರು
೩೦ ಆಗಸ್ಟ್

ಅಮ್ಮನಿಗೆ ನಮಸ್ಕಾರ.

ತಡವಾಯಿತು. ಕೆಂಪು ಶಾಯಿ ನೋಡಿ ಮನಸ್ಸು ಕೆಟ್ಟಿತ್ತು. ಗಡಿಯಾರದ ಬಗ್ಗೆ ನಾನು ಬರೆದಿದ್ದ ಕಡೆಯೂ ನೀನು ಒಂದು ಅಲ್ಪವಿರಾಮ ಸೇರಿಸಿದ್ದೀಯೆ, ಬೇರೇನೂ ಹೇಳಿಲ್ಲ. ಆದರೆ ತಾತನ ವಿಷಯವನ್ನು ಮತ್ತೆ ಮತ್ತೆ ಓದಿದೆ. ಇಷ್ಟು ವರ್ಷ ಏಕೆ ಹೇಳಲಿಲ್ಲ?

ಚಿಕ್ಕಬಳ್ಳಾಪುರದಲ್ಲಿ ಟೆಸ್ಟ್ ಆಯಿತು, ಪಾಸಾದೆ. ಬಸ್ಸನ್ನು ರಿವರ್ಸ್ ತೆಗೆಯುವುದರಲ್ಲಿ ಜಗನ್ ಫೇಲಾದ, ನಾನಾಗಲಿಲ್ಲ. ಅಲ್ಲಿಂದ ಶಿಡ್ಲಘಟ್ಟ ಎಷ್ಟು ಹತ್ತಿರವೆಂದು ನನಗೂ ಗೊತ್ತು. ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಶಿಡ್ಲಘಟ್ಟದ ಬಸ್ಸು ಬಂತು, ಹೋಯಿತು. ಮುಂದಿನದೂ ಹೋಯಿತು. ಬಂದಿದ್ದರೆ ನೀನು ಅಭಿನಂದಿಸುತ್ತಿದ್ದೆಯೋ ತಿದ್ದುತ್ತಿದ್ದೆಯೋ ತಿಳಿಯಲಿಲ್ಲ.

ಹೋದ ಸೋಮವಾರದಿಂದ ಮಂಚೇನಹಳ್ಳಿ ಕಡೆಯ ಮಾರ್ಗ ನನ್ನದು. ನಿನ್ನ ಜೋಡಿ ಚೀಟಿ ಚೀಲದಲ್ಲಿತ್ತು. ಟೈಲರ್ ರಾಧಾಮಣಿ ಎಂಬವಳು, “ಏನಕ್ಕ ಇದು, ಇಸ್ಪೀಟಾ?” ಎಂದು ಕಿತ್ತುಕೊಂಡಳು. ಆಟ ಹೇಳಿಕೊಟ್ಟೆ. ಆಡಿ ಮುಗಿಸಿ, “ಇದ್ರಲ್ಲಿ ಹೆವಿ ಟಾರ್ಗೆಟ್ ಎಲ್ಲಿ? ನಮ್ ಸೂಪರ್‌ವೈಸರ್ ದಿನಾ ಹೇಳೋದೇ ಅದು” ಎಂದಳು. ಅಮ್ಮ ಹೇಳಿದರೆ ‘ಹೈ ಟಾರ್ಗೆಟ್’ ಅನ್ನುತ್ತಾರೆ ಎಂದೆ. “ನಿಮ್ಮಮ್ಮನ್ನ ಒಂದಿನ ಲೈನಲ್ಲಿ ಕೂರ್ಸು, ಹೆವೀನೋ ಹೈನೋ ಆಗ ಗೊತ್ತಾಗ್ತದೆ” ಎಂದಳು.

ನವೆಂಬರ್ ಹತ್ತಕ್ಕೆ ಬರುತ್ತೇನೆ. ಮಾತು ಕೊಟ್ಟಿದ್ದೇನೆ. ಸಂತೋಷದಿಂದ ಅಲ್ಲ.

ಹರಿಣಿ


ಶಿಡ್ಲಘಟ್ಟ
೧೫ ಅಕ್ಟೋಬರ್, ಬೆಳಗ್ಗೆ

ಹರಿಣಿ,

ಪತ್ರಿಕೆ ಈಗ ಬಂತು. ಒಳಪುಟದಲ್ಲಿ ನಾಲ್ಕು ಸಾಲು. ನಿನ್ನೆ ಸಂಜೆಯ ಭಾರಿ ಮಳೆಯಲ್ಲಿ ಮಂಚೇನಹಳ್ಳಿ ಸಮೀಪ ಗಾರ್ಮೆಂಟ್ಸ್ ಬಸ್ಸೊಂದು ಕಾಲುವೆಗೆ ಉರುಳಿದೆ. ಮಹಿಳಾ ಕಾರ್ಮಿಕರಿಗೆ ಸಣ್ಣಪುಟ್ಟ ಗಾಯ. ‘ಚಾಲಕರನ್ನು ಆಸ್ಪತ್ರೆಗೆ ದಾಖಲಿಸಲಾಗಿದ್ದು, ಅವರ ಸ್ಥಿತಿ ಗಂಭೀರವಾಗಿದೆ.’

ಚಾಲಕರನ್ನು. ಅವರ. ಗಂಡಸೋ ಹೆಂಗಸೋ ಆ ವರದಿಗಾರ ಹೇಳಿಲ್ಲ. ಬಹುವಚನ ಕೊಟ್ಟು ಗೌರವಿಸಿದ್ದಾನೆ. ಗೌರವದ ಬಹುವಚನವನ್ನು ಬಳಸಲು ಎಷ್ಟು ತರಗತಿಗಳಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ. ಇಂದು ಒಬ್ಬನಾದರೂ ಮರ್ಯಾದೆ ಬಿಟ್ಟು ‘ಅವನು’ ಎಂದು ಬರೆದಿದ್ದರೆ ಅವನ ಪಾದಕ್ಕೆ ನಮಸ್ಕರಿಸುತ್ತಿದ್ದೆ.

ಮುನಿಶಾಮಮ್ಮ ನಿನ್ನ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಾಳೆ. ಸ್ವಿಚ್ ಆಫ್ ಎಂದು ಬರುತ್ತಿದೆಯಂತೆ. “ಬೇರೆ ಯಾರ್ದಾದ್ರು ನಂಬರ್ ಐತಾ ಮೇಡಂ? ಅವಳ್ ಜೊತೇಲಿರೋರ್ದು?” ಎಂದು ಕೇಳುತ್ತಿದ್ದಾಳೆ. ಇಲ್ಲ. ನಿನ್ನ ಕೋಣೆ ಯಾವ ಬೀದಿಯಲ್ಲಿದೆ, ಜೊತೆಗೆ ಯಾರಿದ್ದಾರೆ, ಯಾವುದನ್ನೂ ನಾನು ಕೇಳಿಟ್ಟುಕೊಂಡಿಲ್ಲ. ಅಂಚೆ ಮುಟ್ಟುವ ವಿಳಾಸ ಒಂದಿದೆ: ಕಾರ್ಖಾನೆಯ ಗೇಟು. ನಾನು ನಿನಗೆ ಎರಡು ಪತ್ರ ಬರೆದು, ನಿನ್ನದೊಂದನ್ನು ತಿದ್ದಿದೆ.

ನಿನ್ನ ಮಾರ್ಗ ಮಂಚೇನಹಳ್ಳಿ ಕಡೆಯದು ಎಂದು ನೀನೇ ಬರೆದಿದ್ದೀಯೆ. ಆ ಸಾಲನ್ನು ಇನ್ನೊಮ್ಮೆ ಓದಿದೆ. ಬೇರೆ ಅರ್ಥ ಬರಲಿಲ್ಲ.

ಇದನ್ನು ಅಂಚೆಗೆ ಹಾಕಿ ಕುಳಿತಿರಲಾರೆ. ಮುನಿಶಾಮಮ್ಮನಿಗೆ ಹೇಳಿದರೆ ತಾನೂ ಬರುತ್ತೇನೆಂದು ಒಲೆಯ ಮೇಲಿನ ಗೂಡುಗಳನ್ನು ಬಿಟ್ಟು ಹೊರಡುತ್ತಾಳೆ. ಹೇಳುವುದಿಲ್ಲ. ಪತ್ರವನ್ನು ಕೈಯಲ್ಲೇ ತರುತ್ತೇನೆ. ನೀನು ಅದನ್ನು ತೆಗೆದುಕೊಳ್ಳಬೇಕು. ಕೈಚಾಚಿ ತೆಗೆದುಕೊಳ್ಳಬೇಕು, ಕೇಳಿಸಿತೇ?

ಅಮ್ಮ


ಗೌರಿಬಿದನೂರು
೧೫ ಅಕ್ಟೋಬರ್, ಸಂಜೆ

ಅಮ್ಮ,

ಮೊದಲು ಇದನ್ನು ಓದು: ಉರುಳಿದ್ದು ನನ್ನ ಬಸ್ಸಲ್ಲ. ನಾನು ಚೆನ್ನಾಗಿದ್ದೇನೆ. ಅದು ಬೇರೆ ಕಾರ್ಖಾನೆಯ ಬಸ್ಸು, ನನಗಿಂತ ಸ್ವಲ್ಪ ಮುಂದೆ ಹೋಗುತ್ತಿತ್ತು. ಡ್ರೈವರ್ ಬಯ್ಯಪ್ಪನವರಿಗೆ ಈ ಬೆಳಗ್ಗೆ ಪ್ರಜ್ಞೆ ಬಂತಂತೆ, ಬದುಕುತ್ತಾರೆ. ನಾವೆಲ್ಲ ಇಳಿದು ಹೆಂಗಸರನ್ನು ಕಿಟಕಿಯಿಂದ ಹೊರಗೆ ಎಳೆದೆವು. ಆಗ ನನ್ನ ಫೋನು ಕಾಲುವೆಯ ನೀರಿಗೆ ಬಿತ್ತು. ಪೇಪರಿನಲ್ಲಿ ಬರುತ್ತದೆ, ನೀನು ನೋಡುತ್ತೀಯೆ ಎಂದು ಹೊಳೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ರಾಧಾಮಣಿಯ ಫೋನಿನಿಂದ ಮುನಿಶಾಮಮ್ಮನಿಗೆ ಮಾಡಿದೆ. ನಿನ್ನ ಬಾಗಿಲಿಗೆ ಬೀಗ ಹಾಕಿದೆ ಎಂದರು. ಎಲ್ಲಿಗೆ ಹೋಗಿದ್ದೆ? ಎಲ್ಲಿಗಾದರೂ ಹೋಗುವಾಗ ಅವರಿಗೊಂದು ಮಾತು ಹೇಳಬಾರದೇ?

ಇವತ್ತು ಬಸ್ ಓಡಿಸಬೇಡವೆಂದು ಮ್ಯಾನೇಜರ್ ಹೇಳಿದರು. ಇವತ್ತು ಬಿಟ್ಟರೆ ನಾಳೆ ಆಗುವುದಿಲ್ಲವೆನಿಸಿ ಮಧ್ಯಾಹ್ನದ ಪಾಳಿಗೆ ಹತ್ತಿದೆ. ಆದರೆ ಗೇಟಿನ ಹತ್ತಿರ ಒಂದು ಘಟನೆ ನಡೆಯಿತು. ಮನಸ್ಸಿನಿಂದ ಹೋಗುತ್ತಿಲ್ಲ, ನಿನಗಲ್ಲದೆ ಯಾರಿಗೆ ಬರೆಯಲಿ.

ಗೇಟಿನ ದಾರಿಗೆ ಅಡ್ಡಲಾಗಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಕಪ್ಪು ಛತ್ರಿ, ನಮ್ಮ ಕಡೆಗೆ ಬೆನ್ನು. ಹಾರನ್ ಹೊಡೆದೆ. ತಿರುಗಲಿಲ್ಲ. ಇನ್ನೊಮ್ಮೆ ಹೊಡೆದೆ. ಅಲುಗಲಿಲ್ಲ. ರಸ್ತೆ ಒದ್ದೆ, ಇಳಿಜಾರು. ಬ್ರೇಕಿನ ಮೇಲೆ ಕಾಲಿದ್ದಿದ್ದರಿಂದ ಬಸ್ಸು ನಿಂತಿತು, ಛತ್ರಿಯ ಕಡ್ಡಿ ಬಂಪರಿಗೆ ತಗಲುವಷ್ಟು ಹತ್ತಿರ. ರಾಧಾಮಣಿ ಇಳಿದು ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು. “ಪಾಪ, ಕಿವೀನೇ ಕೇಳಲ್ಲ ಕಣಕ್ಕ. ಯಾರ್ ಬೇಕಮ್ಮ ಅಂತ ಕಿರುಚ್ದೆ, ಯಾರೂ ಇಲ್ಲ ಅಂದ್ರು” ಎಂದಳು. ಛತ್ರಿಯ ಮರೆಯಲ್ಲಿ ಅವರ ಮುಖ ನನಗೆ ಕಾಣಲಿಲ್ಲ. ಬಸ್ಸನ್ನು ಮುಂದಕ್ಕೆ ತೆಗೆಯಲು ಸ್ವಲ್ಪ ಹೊತ್ತಾಯಿತು. ಆ ವಯಸ್ಸಿನಲ್ಲಿ ಯಾರೂ ಇಲ್ಲದವರು ಕಾರ್ಖಾನೆಯ ಗೇಟಿಗೆ ಏಕೆ ಬರುತ್ತಾರೆ?

ಸಂದರ್ಶನಕ್ಕೆ ಬರುತ್ತೇನೆ, ಮರೆತಿಲ್ಲ.

ಹರಿಣಿ


ಶಿಡ್ಲಘಟ್ಟ
೩ ನವೆಂಬರ್

ನನ್ನ ಹರಿಣಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನಗಳಾದವು. ಉತ್ತರವನ್ನು ಬರೆದು ಹರಿದೆ, ಮತ್ತೆ ಬರೆದೆ. ಅಂದು ನಿನಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಪತ್ರವೂ ಇದರೊಡನೆ ಇದೆ. ಅದನ್ನು ಓದಿದರೆ ಮುಂದಿನದನ್ನು ನೀನೇ ಊಹಿಸುವೆ. ಆದರೂ ಬರೆಯುವುದು ನನ್ನ ಕರ್ತವ್ಯ.

ಆ ಛತ್ರಿ ನನ್ನದು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹೊರಟವಳು ದಾರಿಯುದ್ದಕ್ಕೂ ಡ್ರೈವರನ ತೋಳುಗಳನ್ನೇ ನೋಡುತ್ತಿದ್ದೆ. ಮಂಚೇನಹಳ್ಳಿ ದಾಟಿದ ಮೇಲೆ ಕಾಲುವೆಯಲ್ಲಿ ಬಸ್ಸು ಮಗ್ಗುಲಾಗಿ ಮಲಗಿತ್ತು. ಎಲ್ಲರೂ ಕಿಟಕಿಯತ್ತ ವಾಲಿದರು. ಮಣ್ಣಿನಲ್ಲಿ ಎಷ್ಟೋ ಚಪ್ಪಲಿಗಳು ಬಿದ್ದಿದ್ದವು. ನಿನ್ನ ಚಪ್ಪಲಿಯ ಬಣ್ಣ ನನಗೆ ಗೊತ್ತಿಲ್ಲವೆಂದು ಆಗ ತಿಳಿಯಿತು.

ಗೇಟಿನಲ್ಲಿ ಕಾವಲುಗಾರನನ್ನು ನಿನ್ನ ಬಗ್ಗೆ ಕೇಳಿದೆ. ಅವನ ತುಟಿ ಆಡಿತು, ನನಗೆ ಒಂದು ಪದವೂ ದಕ್ಕಲಿಲ್ಲ. ಎರಡನೆಯ ಬಾರಿ ಕೇಳಲು ಧೈರ್ಯವಾಗಲಿಲ್ಲ. ಅವನು ಹೇಳಿದ್ದು ಕೇಳಬಾರದ ಮಾತಾಗಿದ್ದರೆ? ಅಲ್ಲಿಂದ ಎರಡು ಹೆಜ್ಜೆ ಬಂದು ನಿಂತೆ. ರಸ್ತೆಯ ನಡುವೆ ನಿಂತಿದ್ದೇನೆಂದು ಹೊಳೆಯಲಿಲ್ಲ. ಯಾವ ಹಾರನ್ನೂ ಕೇಳಿಸಲಿಲ್ಲ.

ನನ್ನ ಕಿವಿಗಳು ಎರಡು ವರ್ಷದಿಂದ ಮಂದವಾಗುತ್ತಿವೆ. ಎದುರಿಗೆ ನಿಂತು, ಮುಖ ನೋಡುತ್ತ, ನಿಧಾನವಾಗಿ ಮಾತನಾಡಿದರೆ ಸರಿ. ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ. ಪತ್ರ ಬರೆ ಎಂದದ್ದು ವಾಕ್ಯಶುದ್ಧಿಗಾಗಿ ಅಲ್ಲ. ಬೇರೆಯವರ ತಪ್ಪು ಉಚ್ಚಾರಣೆಯನ್ನು ಕೊಠಡಿಯ ಕೊನೆಯ ಬೆಂಚಿನಿಂದಲೂ ಹಿಡಿಯುತ್ತಿದ್ದವಳು ‘ಏನಂದೆ, ಏನಂದೆ’ ಎಂದು ಮಗಳನ್ನು ಕೇಳಬೇಕಾಗುವುದೆಂದು ಮುಚ್ಚಿಟ್ಟೆ.

ರಾಧಾಮಣಿ ನನ್ನನ್ನು ಟೀ ಅಂಗಡಿಯ ಪಕ್ಕ ನಿಲ್ಲಿಸಿ ಓಡಿದಳು. ಅವಳ ಕೈ ಬಿಗಿಯಾಗಿತ್ತು, ಒಳ್ಳೆಯ ಹುಡುಗಿ. ಜೊತೆಗೆ ಯಾರಿದ್ದಾರೆ ಎಂದು ಅವಳು ಕೇಳಿದಂತೆ ತೋರಿ, ಯಾರೂ ಇಲ್ಲ ಎಂದಿದ್ದೆ. ಆಗ ತಲೆಯೆತ್ತಿ ಬಸ್ಸಿನ ಗಾಜಿನೊಳಗೆ ನೋಡಿದೆ. ನೀನು ಇದ್ದೆ. ಜೀವಂತವಾಗಿ, ಬೆವರುತ್ತ, ಕುಳಿತಿದ್ದೆ. ಅಂಗಡಿಯ ಕಂಬ ಹಿಡಿದುಕೊಂಡೆ.

ಹೋಗಿ ಬಾಗಿಲು ತಟ್ಟಬಹುದಿತ್ತು. ತಟ್ಟಿದ್ದರೆ ಆ ಕ್ಷಣವೇ ನಿನ್ನನ್ನು ಮನೆಗೆ ಎಳೆದುಕೊಂಡು ಬರುತ್ತಿದ್ದೆ. ಹಾಗೆಂದೇ ಒಂದು ಕಾಲನ್ನು ಮುಂದಿಟ್ಟಿದ್ದೆ. ಅಷ್ಟರಲ್ಲಿ ನೀನು ಎರಡು ಅಂಗೈಗಳನ್ನೂ ದುಪ್ಪಟ್ಟಾಕ್ಕೆ ಒರೆಸಿಕೊಂಡೆ. ಬಲ ಭುಜವನ್ನು ಒಮ್ಮೆ ಹಿಂದಕ್ಕೆ ಕೊಡವಿದೆ. ಯಾರೋ ಕರೆದಂತೆ. ನಂತರ ಚಕ್ರಕ್ಕೆ ಬಾಗಿದೆ.

ನಿನಗೆ ಅದನ್ನು ಯಾರು ಕಲಿಸಿದರು? ನಾನು ಕಲಿಸಿಲ್ಲ. ಕಾಗದದಲ್ಲಿ ಬರೆದೆ, ಅಷ್ಟೆ.

ಆ ಬಸ್ಸಿನ ತುಂಬ ಹೆಂಗಸರಿದ್ದರು. ಹಿಂದಿನ ಸಂಜೆ ಇನ್ನೊಂದು ಬಸ್ಸು ಉರುಳಿದ್ದನ್ನು ಕಣ್ಣಾರೆ ಕಂಡವರು. ಆದರೂ ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು, ಒಬ್ಬಳು ಕಿಟಕಿಗೊರಗಿ ನಿದ್ದೆ ಹೋಗಿದ್ದಳು. ಡ್ರೈವರ್ ಮೇಲೆ ನಂಬಿಕೆಯಿಲ್ಲದೆ ಯಾರೂ ಹಾಗೆ ನಿದ್ದೆ ಮಾಡುವುದಿಲ್ಲ. ನನ್ನ ತರಗತಿಯಲ್ಲಿ ಯಾರೂ ಎಂದೂ ನಿದ್ದೆ ಮಾಡಿರಲಿಲ್ಲ. ಅದನ್ನು ನಾನು ನನ್ನ ಹಿರಿಮೆಯೆಂದು ತಿಳಿದಿದ್ದೆ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಮುಂದಿನ ಬಸ್ಸಿಗೆ ಊರಿಗೆ ಬಂದೆ.

ಈ ಬೆಳಗ್ಗೆ ರಾಮಾಂಜಿನಪ್ಪನವರ ಮನೆಗೆ ಹೋಗಿದ್ದೆ. ಎದುರಿಗೆ ಕುಳಿತು ನಿಧಾನವಾಗಿ ಮಾತನಾಡಪ್ಪ ಎಂದು ಮೊದಲೇ ಹೇಳಿದೆ.

“ಮಗಳು ಹತ್ತಕ್ಕೆ ಬರ್ತಾಳಲ್ವ ಮೇಡಂ? ನಮ್ಗೆ ಬೇರೆ ಕ್ಯಾಂಡಿಡೇಟೇ ಬೇಡ” ಎಂದರು.

“ಬರಲ್ಲ.”

“ಯಾಕ್ ಮೇಡಂ, ಮದ್ವೆ ಗಿದ್ವೆ ಗೊತ್ತಾಯ್ತಾ?”

“ಇಲ್ಲಪ್ಪ. ಅವಳು ಬಸ್ ಓಡಿಸ್ತಾಳೆ.”

ಅವರು ನನಗೆ ಕೇಳಿಸಲಿಲ್ಲವೆಂದುಕೊಂಡು ಪ್ರಶ್ನೆಯನ್ನು ಇನ್ನೊಮ್ಮೆ ಕೂಗಿ ಕೇಳಿದರು. ನಾನೂ ಕೂಗಿಯೇ ಉತ್ತರಿಸಿದೆ. ಒಳಗಿನಿಂದ ಅವರ ಹೆಂಡತಿ ಸೌಟು ಹಿಡಿದು ಬಂದು ನಿಂತರು. “ಬಸ್ಸಾ? ಹಂಗಾರೆ ಹೆವಿ ಲೈಸೆನ್ಸೇ ಆಗೈತಾ ಮೇಡಂ, ಹೆಣ್‌ಮಗೂಗೆ?” ಎಂದು ಕಣ್ಣರಳಿಸಿದರು. ಆಗಿದೆಯಮ್ಮ ಎಂದೆ. ತಿದ್ದಲಿಲ್ಲ. ಕೇಳಲು ಚೆನ್ನಾಗಿತ್ತು.

ನಿನ್ನನ್ನು ಕೇಳದೆ ಅರ್ಜಿ ಹಾಕಿದವಳು ನಾನು. ಕೇಳದೆಯೇ ಹಿಂದಕ್ಕೂ ತೆಗೆದುಕೊಂಡಿದ್ದೇನೆ. ನೀನು ಕೊಟ್ಟಿದ್ದ ಮಾತನ್ನು ಈ ಪತ್ರದೊಡನೆ ನಿನಗೇ ಹಿಂದಿರುಗಿಸುತ್ತಿದ್ದೇನೆ. ಅದರ ಮೇಲೆ ಕೆಂಪು ಗುರುತಿಲ್ಲ.

ಭಯ ಹೋಗಿದೆ ಎಂದುಕೊಳ್ಳಬೇಡ. ಮೋಡ ಕಟ್ಟಿದರೆ ಈಗಲೂ ಜಗಲಿಗೆ ಬಂದು ನಿಲ್ಲುತ್ತೇನೆ. ಹೇಗೂ ಭಯಪಡುವುದಾದರೆ ಇಲ್ಲಿ ಒಬ್ಬಳೇ ಕುಳಿತು ಪಡುವ ಬದಲು ನಿನ್ನ ಹಿಂದಿನ ಸೀಟಿನಲ್ಲಿ ಕುಳಿತು ಪಡೋಣವೆಂದಿದ್ದೇನೆ. ನಿಮ್ಮ ಕಾರ್ಖಾನೆಯವರು ಹೊರಗಿನವರನ್ನು ಹತ್ತಿಸಿಕೊಳ್ಳುತ್ತಾರೆಯೇ? ಒಂದೇ ಸಲ. ಎಲ್ಲಿ ನಿಲ್ಲಬೇಕೆಂದು ಬರೆ. ರಾಧಾಮಣಿಗೆ ಹೊಸ ಚೀಟಿಗಳನ್ನು ಬರೆದಿಟ್ಟಿದ್ದೇನೆ. ಟಾರ್ಗೆಟ್ಟಿಗೆ ಹೈ ಎಂಬುದೇ ಸರಿ. ಆದರೆ ವಾದ ಮಾಡಲು ಅವಳಿಗೆ ಅವಕಾಶ ಕೊಡುತ್ತೇನೆ.

ನಿನ್ನ ಅಮ್ಮ,
ಅಶ್ವತ್ಥಮ್ಮ


ಗೌರಿಬಿದನೂರು
೮ ನವೆಂಬರ್

ಅಮ್ಮ,

ಓದಿದ್ದೇನೆ. ಎಲ್ಲವನ್ನೂ. ಈಗ ಅದರ ಬಗ್ಗೆ ಬರೆಯಲಾರೆ. ಆ ಛತ್ರಿಗೂ ಬಂಪರಿಗೂ ನಡುವೆ ಇದ್ದ ಜಾಗ ಕಣ್ಣು ಮುಚ್ಚಿದರೂ ಕಾಣುತ್ತಿದೆ.

ಮ್ಯಾನೇಜರನ್ನು ಕೇಳಿದೆ, ಒಂದು ಸಲಕ್ಕೆ ಒಪ್ಪಿದ್ದಾರೆ. ಸೋಮವಾರ, ನವೆಂಬರ್ ಹತ್ತು. ಭಾನುವಾರವೇ ಜಗನ್ ಆಟೋ ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಬರುತ್ತಾನೆ, ಈ ಪತ್ರವೂ ಅವನ ಕೈಯಲ್ಲೇ. ರಾತ್ರಿ ನನ್ನ ಕೋಣೆಯಲ್ಲಿರು. ನಿನ್ನ ಕಿವಿಗೆ ಡಾಕ್ಟರರನ್ನು ನೋಡುವ ಮಾತು ಅಲ್ಲಿ, ಎದುರೆದುರು ಕುಳಿತು. ಅದರಲ್ಲಿ ನಿನ್ನ ತಿದ್ದುಪಡಿ ನಡೆಯುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಟೀ ಅಂಗಡಿಯ ಪಕ್ಕ, ಅದೇ ಕಂಬದ ಹತ್ತಿರ ನಿಂತಿರು. ರಸ್ತೆಗೆ ಇಳಿಯಬೇಡ. ಮುಖ ನನ್ನ ಕಡೆಗಿರಲಿ. ಶಾಲೆಯಲ್ಲಿ ಗಂಟೆ ಹೊಡೆದ ಮೇಲೆ ನೀನು ಯಾರಿಗೂ ಗೇಟು ತೆರೆದವಳಲ್ಲ, ನಾನೂ ಯಾರಿಗೂ ಕಾಯುವುದಿಲ್ಲ, ಸಮಯಕ್ಕೆ ಸರಿಯಾಗಿ ಬಾ.

ಹಾರನ್ ಹೊಡೆಯುವುದಿಲ್ಲ. ಲೈಟ್ ಹಾಕಿ ಆರಿಸುತ್ತೇನೆ. ಎರಡು ಸಲ. ಅದು ನಿನಗೆ.

ಹರಿಣಿ